ಚೆಕ್ ಮೇಲಿನ ಎರಡನೇ ಸಹಿ | ನಮ್ಮೂರ ಶಾಲೆಗಳ ಚರಿತ್ರೆ, ಭಾಗ 6

ಫೋಟೋದಲ್ಲಿರೋ ಥರದ ಬೋರ್ಡ್ ಕೊಡಗಿನ ಸುಮಾರು ಸರ್ಕಾರಿ ಶಾಲೆಗಳಲ್ಲಿ ಸಿಗುತ್ತೆ. ಆಫೀಸ್ ರೂಮಿನ ಗೋಡೆ ಮೇಲೆ ಮುಖ್ಯ ಶಿಕ್ಷಕರ ಹೆಸರು, ಅದರ ಜೊತೆಗೆ ‘ಎಸ್‌ಡಿಎಂಸಿ ಅಧ್ಯಕ್ಷರು’ ಅಂತ ಇನ್ನೊಂದು ಹೆಸರು. ಆ ಎರಡನೇ ಹೆಸರು ಅದೇ ಶಾಲೆಯಲ್ಲಿ ಓದ್ತಿರೋ ಯಾವುದೋ ಮಗುವಿನ ಅಪ್ಪ ಅಥವಾ ಅಮ್ಮನದು. ಗೋಡೆ ಮೇಲೆ ಆ ಹೆಸರು ಬರೋಕೆ ಎಷ್ಟು ಕಾಲ ಬೇಕಾಯ್ತು ಅನ್ನೋದೇ ಇವತ್ತಿನ ಕಥೆ.

1834ರಲ್ಲಿ ಹಾಲೇರಿ ಅರಸರ ಆಳ್ವಿಕೆ ಮುಗಿದು ಕೊಡಗು ಬ್ರಿಟಿಷರ ಕೈಗೆ ಹೋಯ್ತು. ಆಮೇಲೆ ಬಂದ ಸರ್ಕಾರಿ ಶಾಲೆಗಳಲ್ಲಿ ದೊಡ್ಡ ಹೆಸರು ಮಡಿಕೇರಿಯ ಸೆಂಟ್ರಲ್ ಸ್ಕೂಲ್. 1870ರಲ್ಲಿ ‘ಮ್ಯಾನುಯಲ್ ಆಫ್ ಕೂರ್ಗ್’ ಪುಸ್ತಕ ತಂದ ಪಾದ್ರಿ ಜಿ. ರಿಕ್ಟರ್ ಅದೇ ಶಾಲೆಯ ಪ್ರಿನ್ಸಿಪಾಲ್. ಆದ್ರೆ ಕೊಡಗಿನ ದೊಡ್ಡ ತೀರ್ಮಾನಗಳು ಆಗ್ತಿದ್ದದ್ದು ಇಲ್ಲಿ ಅಲ್ಲ. 1881ರ ನಂತರ ಮೈಸೂರಿನ ರೆಸಿಡೆಂಟರೇ ಕೊಡಗಿಗೂ ಚೀಫ್ ಕಮಿಷನರ್, ಅವರು ಕೂತಿದ್ದು ಬೆಂಗಳೂರಲ್ಲಿ. ಊರಿನವರಿಗೆ ಇದ್ದ ದಾರಿ ಒಂದೇ: ಅರ್ಜಿ ಬರೆದು ಕಾಯೋದು.

1924ರಲ್ಲಿ ಕೂರ್ಗ್ ಲೆಜಿಸ್ಲೇಟಿವ್ ಕೌನ್ಸಿಲ್ ಬಂತು. ಆದ್ರೆ ವೋಟು ಎಲ್ಲರಿಗೂ ಇರಲಿಲ್ಲ. ತೋಟದ ಲೈನ್ ಮನೆಯಲ್ಲಿ ಇದ್ದವರಿಗೆ, ಹಾಡಿಯಲ್ಲಿ ಇದ್ದವರಿಗೆ ಆ ಕೌನ್ಸಿಲ್ ಬಲು ದೂರ. ವಯಸ್ಕರಿಗೆಲ್ಲ ವೋಟು ಸಿಕ್ಕಿದ್ದು 1952ರ ಚುನಾವಣೆಯಲ್ಲಿ. ಆಗ ಕೊಡಗು ಬೇರೆಯೇ ರಾಜ್ಯ. 24 ಜನರ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಸರ್ಕಾರ ಮಡಿಕೇರಿಯಲ್ಲೇ ಇತ್ತು. ನಾಲ್ಕೇ ವರ್ಷ. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, ಶಾಲೆಗಳ ವಿಷಯ ಮತ್ತೆ ಬೆಂಗಳೂರಿಗೆ ಹೋಯ್ತು.

1961ರಲ್ಲಿ ರಾಜ್ಯಕ್ಕೆ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು. ಉದ್ದೇಶ ಒಳ್ಳೇದೇ. ಆದ್ರೆ ಅದರಲ್ಲಿ ಅಪ್ಪ ಅಮ್ಮ ಯಾರಾಗಿ ಬರ್ತಾರೆ ನೋಡಿ: ಮಗುವನ್ನ ಶಾಲೆಗೆ ಕಳಿಸಬೇಕಾದವರು, ಕಳಿಸದಿದ್ರೆ ಉತ್ತರ ಕೊಡಬೇಕಾದವರು. ಶಾಲೆಯನ್ನ ಪ್ರಶ್ನೆ ಕೇಳೋರು ಅಲ್ಲ. ಆಮೇಲೆ ಬಂದ ಗ್ರಾಮ ಶಿಕ್ಷಣ ಸಮಿತಿಗಳಲ್ಲೂ ಪೋಷಕರ ಪಾಲು ಸಣ್ಣದೇ.

ನಿಜವಾದ ತಿರುವು 2001. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದಲ್ಲಿ ಒಂದು ಶಿಕ್ಷಣ ಕಾರ್ಯಪಡೆ ಇತ್ತು. ಶಾಲೆಯ ಉಸ್ತುವಾರಿ ಪೋಷಕರ ಕೈಲಿ ಇರಲಿ ಅಂತ ಅದು ಹೇಳ್ತು. 2001ರ ಏಪ್ರಿಲ್ 28ಕ್ಕೆ ಸರ್ಕಾರಿ ಆದೇಶ ಆಯ್ತು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಹುಟ್ಟಿತು. ಅದೇ ಎಸ್‌ಡಿಎಂಸಿ. ಪೋಷಕರೇ ಆರಿಸಿದ 9 ಪೋಷಕರು, ಅವರಲ್ಲೇ ಒಬ್ಬರು ಅಧ್ಯಕ್ಷರು, ಮುಖ್ಯ ಶಿಕ್ಷಕರು ಕಾರ್ಯದರ್ಶಿ. ಶಾಲೆಯ ಬ್ಯಾಂಕ್ ಖಾತೆ ಇಬ್ಬರ ಹೆಸರಲ್ಲಿ ಜಂಟಿ.

ನಾನು ಬಿಕಾಂ ಓದ್ತಿರೋದ್ರಿಂದ ನನ್ನ ಕಣ್ಣಿಗೆ ಮೊದಲು ಬೀಳೋದು ಆ ಖಾತೆಯೇ. ದುಡ್ಡು ಮಂಜೂರು ಮಾಡೋರು, ಖರ್ಚು ಮಾಡೋರು, ಲೆಕ್ಕ ಬರೆಯೋರು ಎಲ್ಲ ಒಬ್ಬರೇ ಆಗಬಾರದು. ಇದಕ್ಕೆ ನಮ್ಮ ಆಡಿಟಿಂಗ್ ಪಾಠದಲ್ಲಿ ‘ಇಂಟರ್ನಲ್ ಚೆಕ್’ ಅಂತಾರೆ. ತೋಟದಲ್ಲಿ ಕೂಲಿ ಮಾಡೋ ಒಬ್ಬ ತಾಯಿ ಸಹಿ ಹಾಕದೆ ಶಾಲೆಯ ಚೆಕ್ ಪಾಸ್ ಆಗಲ್ಲ ಅಂದ್ರೆ ಅದು ಸಣ್ಣ ವಿಷಯ ಅಲ್ಲ. 1961ರಲ್ಲಿ ಉತ್ತರ ಕೊಡಬೇಕಾಗಿದ್ದವರು 40 ವರ್ಷ ಆದ್ಮೇಲೆ ಲೆಕ್ಕ ಕೇಳೋರಾದ್ರು.

ದೇಶದ ಮಟ್ಟದಲ್ಲಿ ಇದು ಬಂದಿದ್ದು ಇನ್ನೂ ತಡವಾಗಿ. 2010ರ ಏಪ್ರಿಲ್ 1ಕ್ಕೆ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪೋಷಕರು ಇರಬೇಕು. ಸದಸ್ಯರಲ್ಲಿ ಅರ್ಧ ಹೆಂಗಸರು. ಹಿಂದುಳಿದ, ಬಡ ಕುಟುಂಬಗಳಿಗೆ ಅವರ ಮಕ್ಕಳ ಪ್ರಮಾಣಕ್ಕೆ ತಕ್ಕ ಜಾಗ. ಶಾಲೆಗೆ ಬಂದ ಅನುದಾನ ಹೇಗೆ ಖರ್ಚಾಯ್ತು ಅಂತ ನೋಡೋದು, ಶಾಲೆಯ ಅಭಿವೃದ್ಧಿ ಯೋಜನೆ ಮಾಡೋದು ಇದೇ ಸಮಿತಿಯ ಕೆಲಸ.

ಇಲ್ಲಿ ಎರಡು ವಿಷಯ ಗಮನಿಸಿ.

ಒಂದು: ಅನುದಾನ ಇಲ್ಲದ ಖಾಸಗಿ ಶಾಲೆಗಳಿಗೆ 21ನೇ ಸೆಕ್ಷನ್ ಅನ್ವಯ ಆಗಲ್ಲ. ವರ್ಷಕ್ಕೆ ಸಾವಿರಾರು ರೂಪಾಯಿ ಫೀಸ್ ಕಟ್ಟೋ ಪೋಷಕರಿಗೆ ಈ ಕಾಯ್ದೆ ಪ್ರಕಾರ ಸಮಿತಿಯಲ್ಲಿ ಕುರ್ಚಿ ಇಲ್ಲ. ಒಂದು ರೂಪಾಯಿ ಫೀಸ್ ಕಟ್ಟದ ಲೈನ್ ಮನೆಯ ಅಪ್ಪ ಅಮ್ಮನಿಗೆ ಇದೆ. ‘ಸರ್ಕಾರಿ ಶಾಲೆಯಲ್ಲಿ ಯಾರು ಕೇಳ್ತಾರೆ’ ಅನ್ನೋರಿಗೆ ಇದನ್ನ ಹೇಳಿ.

ಎರಡು: ಕುರ್ಚಿ ಇದ್ರೂ ಬಂದು ಕೂರೋಕೆ ಪುರುಸೊತ್ತು ಬೇಕಲ್ವಾ? ನಮ್ಮ ಅಮ್ಮ ಮೂರು ವರ್ಷ ನಮ್ಮೂರ ಶಾಲೆಯ ಸಮಿತಿಯಲ್ಲಿ ಇದ್ರು. ಮೀಟಿಂಗ್ ಇಡ್ತಿದ್ದದ್ದು ವಾರದ ಮಧ್ಯೆ, ಬೆಳಿಗ್ಗೆ 11 ಗಂಟೆಗೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಕೊಯ್ಲಲ್ಲಿ ಕುಯ್ದಷ್ಟು ಕೆಜಿಗೆ ಕೂಲಿ. ಒಂದು ಮೀಟಿಂಗ್ ಅಂದ್ರೆ ಅರ್ಧ ದಿನದ ದುಡ್ಡು ಹೋದ ಹಾಗೆ. ಹಾಗಾಗಿ ಎಷ್ಟೋ ಸಲ ರಿಜಿಸ್ಟರ್ ಪುಸ್ತಕವೇ ಸಂಜೆ ಮನೆಗೆ ಬರ್ತಿತ್ತು. ಅಮ್ಮ ಸಹಿ ಹಾಕ್ತಿದ್ರು. ಸಭೆ ಆಯ್ತು ಅಂತ ಪುಸ್ತಕ ಹೇಳುತ್ತೆ, ಆದ್ರೆ ಅಮ್ಮ ಮಾತಾಡಿದ್ದು ಅದರಲ್ಲಿ ಎಲ್ಲೂ ಇಲ್ಲ.

ಭಾಷೆ ಇನ್ನೊಂದು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಯರವ ಮಾತು. ಈಗ ತೋಟಗಳಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇದಾವೆ. ಶಾಲೆಯಲ್ಲಿ ನಡಾವಳಿ ಓದೋದು ಮಾತ್ರ ಪಕ್ಕಾ ಕಚೇರಿ ಕನ್ನಡದಲ್ಲಿ. ‘ಸರ್ವಾನುಮತದಿಂದ ಅನುಮೋದಿಸಲಾಯಿತು’ ಅಂದ್ರೆ ಏನಕ್ಕೆ ಒಪ್ಪಿದ್ವಿ ಅಂತ ಎಷ್ಟು ಜನರಿಗೆ ಅರ್ಥ ಆಗುತ್ತೆ?

ಇದಕ್ಕೆಲ್ಲ ಹೊಸ ಕಾನೂನು ಏನೂ ಬೇಡ. ಮೀಟಿಂಗ್ ಭಾನುವಾರ ಅಥವಾ ಸಂಜೆ ಇಟ್ರೆ ಸಾಕು. ಬಂದ ದುಡ್ಡು ಎಷ್ಟು, ಖರ್ಚು ಎಷ್ಟು, ಉಳಿದಿದ್ದು ಎಷ್ಟು ಅಂತ ಮೂರು ಸಾಲು ಬೋರ್ಡ್ ಮೇಲೆ ಬರೆದು, ಜೋರಾಗಿ ಓದಿ ಹೇಳಿ ಆಮೇಲೆ ಸಹಿ ಕೇಳಿದ್ರೆ ಸಾಕು. ಹಾಡಿಯ ಮಕ್ಕಳು ಇರೋ ಶಾಲೆಯಾದ್ರೆ ಒಂದು ಸಭೆ ಹಾಡಿಯಲ್ಲೇ ಆಗಲಿ.

ಸ್ಥಿತಿವಂತರು ಮಕ್ಕಳನ್ನ ಬಸ್ಸಿನಲ್ಲಿ ದೂರದ ಶಾಲೆಗೆ ಕಳಿಸ್ತಾ ಇದ್ದಾರೆ. ನಮ್ಮೂರ ಶಾಲೆಯಲ್ಲಿ ಉಳಿದಿರೋರು ರಜೆ ಹಾಕೋಕೆ ಆಗದೇ ಇರೋರು. ಅಲ್ಲಿ ಟೀಚರ್ ಸಾಲದು, ಸೂರು ಸೋರ್ತಿದೆ, ಮಕ್ಕಳ ಸಂಖ್ಯೆ ಇಳೀತಿದೆ ಅಂತ ಬರವಣಿಗೆಯಲ್ಲಿ ಕೇಳೋ ಅಧಿಕಾರ ಇರೋದು ಅವರಿಗೇ. ಅವರು ಬಾಯಿ ತೆರೆಯೋ ಮೊದಲೇ ಸಹಿ ತಗೊಂಡ್ರೆ, ಬೆಂಗಳೂರಿಗೆ ಅರ್ಜಿ ಬರೆದು ಕಾಯ್ತಿದ್ದ ಕಾಲಕ್ಕೂ ಈಗಿನದಕ್ಕೂ ಏನು ವ್ಯತ್ಯಾಸ?

ನಿಮ್ಮೂರ ಶಾಲೆಯ ಬೋರ್ಡ್ ಮೇಲೆ ಎರಡನೇ ಹೆಸರು ಯಾರದ್ದು? ನಿಮ್ಮ ಮನೆಯಲ್ಲಿ ಯಾರಾದ್ರೂ ಸಮಿತಿಯಲ್ಲಿ ಇದ್ರಾ? ಹೆಸರು ಬೇಡ, ಅನುಭವ ಕಮೆಂಟಲ್ಲಿ ಬರೀರಿ. ಭಾಗ 7ರಲ್ಲಿ ಆಶ್ರಮ ಶಾಲೆಗಳ ಕಥೆ.

#ಕೊಡಗು #ಸರ್ಕಾರಿಶಾಲೆ #ಎಸ್‌ಡಿಎಂಸಿ #ನಮ್ಮೂರಚರಿತ್ರೆ