ಕೋವಿಡ್-19 ಪ್ರತಿಕಾಯ ಪರೀಕ್ಷೆ: ಸಾರ್ವಜನಿಕರಿಗೆ ಮಾಹಿತಿ

ಕೊರೋನಾ ಸೋಂಕು ತಗುಲಿದಾಗ ಅಥವಾ ಲಸಿಕೆ ಪಡೆದಾಗ ಕೆಲವೇ ವಾರಗಳಲ್ಲಿ ರಕ್ತದಲ್ಲಿ ಸಾಮಾನ್ಯವಾಗಿ ಪ್ರತಿಕಾಯಗಳು ಉತ್ಪತ್ತಿಯಾಗುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರ ಮೇ-ಜೂನ್‌ನಲ್ಲಿ ನಡೆಸಿದ ಮೊದಲ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ. 0.73ರಷ್ಟು ವಯಸ್ಕರಲ್ಲಿ ಮಾತ್ರ ಸೋಂಕಿನ ಕುರುಹು ಕಂಡುಬಂದಿತ್ತು. 2021ರ ಜೂನ್-ಜುಲೈನಲ್ಲಿ 70 ಜಿಲ್ಲೆಗಳಲ್ಲಿ ನಡೆದ ನಾಲ್ಕನೇ ಸಮೀಕ್ಷೆಯಲ್ಲಿ, 6 ವರ್ಷ ಮೇಲ್ಪಟ್ಟವರ ಪೈಕಿ ಶೇ. 67.6ರಷ್ಟು ಜನರಲ್ಲಿ ಪ್ರತಿಕಾಯಗಳಿದ್ದವು. ಲಸಿಕೆ ಪಡೆಯದವರಲ್ಲಿ ಈ ಪ್ರಮಾಣ ಶೇ. 62.3, ಒಂದು ಡೋಸ್ ಪಡೆದವರಲ್ಲಿ ಶೇ. 81 ಹಾಗೂ ಎರಡು ಡೋಸ್ ಪಡೆದವರಲ್ಲಿ ಶೇ. 89.8ರಷ್ಟಿತ್ತು.

ಪರೀಕ್ಷಾ ವರದಿ ಪಡೆದವರು ಗಮನಿಸಬೇಕಾದ ಅಂಶಗಳು:

1. ಕೋವಿಶೀಲ್ಡ್ ಲಸಿಕೆಯಿಂದ ವೈರಾಣುವಿನ ಸ್ಪೈಕ್ ಪ್ರೋಟೀನಿನ ವಿರುದ್ಧ ಮಾತ್ರ ಪ್ರತಿಕಾಯಗಳು ಉಂಟಾಗುತ್ತವೆ. ಕೋವ್ಯಾಕ್ಸಿನ್ ನಿಷ್ಕ್ರಿಯಗೊಳಿಸಿದ ಇಡೀ ವೈರಾಣುವಿನಿಂದ ತಯಾರಾದುದರಿಂದ, ಸೋಂಕಿನಲ್ಲಿರುವಂತೆ ನ್ಯೂಕ್ಲಿಯೋಕ್ಯಾಪ್ಸಿಡ್ ಪ್ರೋಟೀನಿನ ವಿರುದ್ಧವೂ ಉಂಟಾಗಬಹುದು. ಆದುದರಿಂದ ಪಡೆದ ಲಸಿಕೆಯ ಹೆಸರನ್ನು ವೈದ್ಯರಿಗೆ ತಪ್ಪದೇ ತಿಳಿಸತಕ್ಕದ್ದು.

2. ಪ್ರತಿಕಾಯಗಳ ಪ್ರಮಾಣವು ತಿಂಗಳುಗಳು ಕಳೆದಂತೆ ಇಳಿಯುತ್ತದೆ. ಆದರೂ ಸ್ಮರಣ ಕೋಶಗಳು ಉಳಿದಿರುವುದರಿಂದ, ಪ್ರಮಾಣ ಕಡಿಮೆಯಾದ ಮಾತ್ರಕ್ಕೆ ರಕ್ಷಣೆ ಇಲ್ಲವೆಂದು ಭಾವಿಸಬೇಕಾಗಿಲ್ಲ. ಅಂತೆಯೇ, ಪ್ರಮಾಣ ಹೆಚ್ಚಿದ್ದರೂ ಮರುಸೋಂಕು ಬಾರದೆಂಬ ಖಾತರಿ ಇರುವುದಿಲ್ಲ.

3. ಪ್ರಸ್ತುತ ಸೋಂಕನ್ನು ಪತ್ತೆಹಚ್ಚಲು ಆರ್‌ಟಿ-ಪಿಸಿಆರ್‌ನಂತಹ ಪರೀಕ್ಷೆ ಅಗತ್ಯ. ಪ್ರತಿಕಾಯ ವರದಿಯು ಅದಕ್ಕಾಗಲೀ, ಲಸಿಕೆ ಪ್ರಮಾಣಪತ್ರಕ್ಕಾಗಲೀ ಪರ್ಯಾಯವಾಗುವುದಿಲ್ಲ.