ಜಾವಾ ಆವೃತ್ತಿಗಳ ಹೆಸರು

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1996ರ ಜನವರಿಯಲ್ಲಿ ಹೊರತಂದ ಜಾವಾ ವೇದಿಕೆಯ ಆವೃತ್ತಿಗಳಿಗೆ ಒಂದಕ್ಕಿಂತ ಹೆಚ್ಚು ಬಗೆಯ ಎಣಿಕೆ ಬಳಕೆಯಲ್ಲಿದೆ. ಮಾರುಕಟ್ಟೆಗೆ ಹೇಳುವ ಸಂಖ್ಯೆಯೇ ಬೇರೆ, ಯಂತ್ರ ಹೇಳುವ ಸಂಖ್ಯೆಯೇ ಬೇರೆ.

1.0 ಮತ್ತು 1.1ರ ತನಕ ಎಲ್ಲವೂ ಸರಳವಾಗಿತ್ತು. 1998ರ ಡಿಸೆಂಬರಿನಲ್ಲಿ ಬಂದ 1.2ಕ್ಕೆ ಸನ್ ‘ಜಾವಾ 2’ ಎಂದು ಹೆಸರಿಟ್ಟಿತು. ಆಮೇಲಿನ 1.3, 1.4 ಕೂಡ ‘ಜಾವಾ 2’ ಆಗಿಯೇ ಉಳಿದವು. 2004ರಲ್ಲಿ 1.5ನ್ನು 5.0 ಎಂದು ಕರೆದರು. ಹೀಗಾಗಿ ಜಾವಾ 3, ಜಾವಾ 4 ಎಂಬವು ಹುಟ್ಟಲೇ ಇಲ್ಲ. ಒಳಗಿನ ಲೆಕ್ಕ ಮಾತ್ರ ಹಳೆಯದೇ. 2014ರ ಜಾವಾ 8 ಇರುವ ಕಂಪ್ಯೂಟರಿನಲ್ಲಿ ಆವೃತ್ತಿ ಕೇಳಿದರೆ 1.8.0 ಎಂದು ಉತ್ತರ ಬರುತ್ತದೆ.

ಕಂಪೈಲ್ ಆದ ಕ್ಲಾಸ್ ಫೈಲಿನ ಎಣಿಕೆ ಮೂರನೆಯದು: ಜಾವಾ 8ಕ್ಕೆ 52, ಜಾವಾ 11ಕ್ಕೆ 55. ಜಾವಾ 11ಕ್ಕೆಂದು ಕಂಪೈಲ್ ಮಾಡಿದ ಪ್ರೋಗ್ರಾಮನ್ನು 8ರಲ್ಲಿ ಓಡಿಸಿದರೆ, ಫೈಲು 55.0ರದ್ದು, ಇಲ್ಲಿ 52.0ರ ತನಕ ಮಾತ್ರ ನಡೆಯುತ್ತದೆ ಎಂಬ ಎರರ್ ಬರುತ್ತದೆ. ತಾನು ಹಾಕಿಕೊಂಡಿರುವುದು 8 ಎಂದಷ್ಟೇ ಗೊತ್ತಿರುವ ವಿದ್ಯಾರ್ಥಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಕಲಿಯುವವರ ಮೇಲೆ ಹೊರಿಸಬಾರದಿದ್ದ ಹೊರೆ ಇದು.

ಸಂಖ್ಯೆಯ ಮುಂದಿದ್ದ ‘1.’ ಬಿದ್ದುಹೋದದ್ದು 2017ರ ಜಾವಾ 9ರಲ್ಲಿ. 2018ರ ಮಾರ್ಚಿನಿಂದ ಆರು ತಿಂಗಳಿಗೊಂದು ಆವೃತ್ತಿ ಬರುತ್ತಿದೆ. ಆ ಮಾರ್ಚಿನದನ್ನು 18.3 ಎನ್ನಬೇಕೆಂಬ ಪ್ರಸ್ತಾವ ಬಂದಿತ್ತಾದರೂ ಕೊನೆಗೆ 10 ಎಂಬ ಹೆಸರೇ ನಿಂತಿತು.

ದೊಡ್ಡ ಸಂಸ್ಥೆಗಳ ಕೆಲಸಕ್ಕೆಂದು ರೂಪಿಸಿದ ಜೆ2ಇಇಯ ಕಥೆ ಇನ್ನೂ ತೊಡಕಿನದು. 2006ರಲ್ಲೇ ಅದು ಜಾವಾ ಇಇ ಆಯಿತು. ಆದರೂ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಪಠ್ಯಕ್ರಮದಲ್ಲಿ ‘ಅಡ್ವಾನ್ಸ್ಡ್ ಜಾವಾ ಅಂಡ್ ಜೆ2ಇಇ’ ಎಂಬ ವಿಷಯವಿತ್ತು. ಕರ್ನಾಟಕದ ಸಾವಿರಾರು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರಿಚಯವಾದದ್ದು ಈ ಹಳೆಯ ಹೆಸರೇ. ಸನ್ ಕಂಪನಿಯನ್ನು 2010ರಲ್ಲಿ ಕೊಂಡ ಒರಾಕಲ್, 2017ರಲ್ಲಿ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್ನಿಗೆ ಒಪ್ಪಿಸಲು ನಿರ್ಧರಿಸಿತು. ‘ಜಾವಾ’ ಎಂಬ ಟ್ರೇಡ್‌ಮಾರ್ಕನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅದರಿಂದ 2018ರಲ್ಲಿ ಜಕಾರ್ತಾ ಇಇ ಎಂಬ ಹೊಸ ಹೆಸರು ಬಂತು. 2020ರ ಜಕಾರ್ತಾ ಇಇ 9ರಲ್ಲಿ ಕೋಡಿನೊಳಗಿನ ‘ಜಾವಾಎಕ್ಸ್’ ಪ್ಯಾಕೇಜ್ ಹೆಸರುಗಳನ್ನೂ ‘ಜಕಾರ್ತಾ’ ಎಂದು ಬದಲಿಸಲಾಯಿತು. ಟಾಮ್‌ಕ್ಯಾಟ್ 9 ವೆಬ್ ಸರ್ವರಿನಲ್ಲಿ ನಡೆಯುತ್ತಿದ್ದ ಸರ್ವ್‌ಲೆಟ್, ಈ ಹೆಸರುಗಳನ್ನು ಬದಲಿಸದ ಹೊರತು ಟಾಮ್‌ಕ್ಯಾಟ್ 10ರಲ್ಲಿ ಓಡುವುದಿಲ್ಲ.