ನೀರಿನ ಗರಗಸ ಮತ್ತು ನಮ್ಮ ಸೀಮೆ

ಹರಿಯುವ ನೀರಿನಿಂದ ಗರಗಸ ನಡೆಸುವ ಉಪಾಯ ಬಹು ಹಳೆಯದು. ಇಂದಿನ ತುರ್ಕಿ ದೇಶದ ಹಿಯೆರಾಪೊಲಿಸ್ ಎಂಬ ಪ್ರಾಚೀನ ನಗರದಲ್ಲಿ, ಕ್ರಿ.ಶ. 3ನೆಯ ಶತಮಾನದ ಒಂದು ಕಲ್ಲಿನ ಶವಪೆಟ್ಟಿಗೆಯ ಮೇಲೆ ಅದರ ಚಿತ್ರವನ್ನು ಕೆತ್ತಿದ್ದಾರೆ. ನೀರಿನ ಚಕ್ರವೊಂದು ತಿರುಗಿ, ಎರಡು ಗರಗಸಗಳನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತದೆ. ಅಲ್ಲಿ ಕೊಯ್ಯುತ್ತಿದ್ದುದು ಕಲ್ಲನ್ನು. ಮುಂದೆ ಯುರೋಪಿನ ಕಾಡುಗಳಲ್ಲಿ ಈ ಉಪಾಯ ಮರಕ್ಕೂ ಬಂದಿತು. 1630ರ ದಶಕದಲ್ಲಿ ಅಮೆರಿಕದ ಈಶಾನ್ಯ ತೀರದಲ್ಲಿ ನೆಲೆಯೂರಿದ ವಲಸೆಗಾರರು ಹೊಳೆಯ ದಂಡೆಯಲ್ಲಿ ನೀರಿನ ಗರಗಸಗಳನ್ನು ಹೂಡಿದರು. ಅಲ್ಲಿ ಮರಗಳಿಗೆ ಲೆಕ್ಕವಿರಲಿಲ್ಲ. ಕೊಯ್ಯುವ ಕೈಗಳು ಮಾತ್ರ ಕಡಿಮೆಯಿದ್ದವು.

ನಮ್ಮ ಕಲಬುರಗಿ ಸೀಮೆಯಲ್ಲಿ ಇದೇಕೆ ರೂಢಿಗೆ ಬರಲಿಲ್ಲ? ‘ಹಿಂದುಳಿದ ಸೀಮೆ’ ಎಂಬ ಒಂದು ಮಾತಿನಲ್ಲಿ ಉತ್ತರ ಹೇಳಿ ಮುಗಿಸುವವರಿದ್ದಾರೆ. ಈ ಮಾತನ್ನು ನಾನು ಒಪ್ಪಲಾರೆ. 1347ರಲ್ಲಿ ಇಲ್ಲಿ ನೆಲೆಗೊಂಡ ಬಹಮನಿ ಅರಸರು ಮುಂದೆ ಬೀದರಿಗೆ ಹೋದರು. ಅಲ್ಲಿ ನೆಲದೊಳಗೆ ಸುರಂಗ ಕೊರೆದು ನೀರು ಹರಿಸಿದ ಕರೇಜ್ ನೌಬಾದಿನ ಬಳಿ ಇಂದಿಗೂ ಇದೆ. ಮುಂದೆ ನಾವಿದ್ದ ನಿಜಾಮರ ರಾಜ್ಯದಲ್ಲಿಯೇ, ಔರಂಗಾಬಾದಿನ ಪನ್‌ಚಕ್ಕಿಯಲ್ಲಿ, ದೂರದ ಬೆಟ್ಟದಿಂದ ಕೊಳವೆಯಲ್ಲಿ ತಂದ ನೀರು ಬೀಸುಕಲ್ಲನ್ನು ತಿರುಗಿಸಿ ಯಾತ್ರಿಕರಿಗೆ ಹಿಟ್ಟು ಬೀಸಿಕೊಟ್ಟಿತು. ಆದುದರಿಂದ ಕೊರತೆ ವಿದ್ಯೆಯದಲ್ಲ. ಕಾರಣಗಳನ್ನು ಬೇರೆಡೆ ಹುಡುಕಬೇಕು.

ಮೊದಲನೆಯದು ನೀರು. ಚಕ್ರ ತಿರುಗಬೇಕಾದರೆ ಹರಿವೂ ಇರಬೇಕು, ಇಳಿಜಾರೂ ಇರಬೇಕು. ನಮ್ಮದು ಎರೆಭೂಮಿಯ ಬಯಲು. ಕಾಗಿಣಾ, ಬೆಣ್ಣೆತೊರೆಗಳು ಮಳೆಗಾಲದಲ್ಲಿ ದಂಡೆ ಮೀರುತ್ತವೆ, ಬೇಸಗೆಯಲ್ಲಿ ಬಡವಾಗುತ್ತವೆ. ಬೀದರಿನ ದಾರಿಯಲ್ಲಿರುವ ಕಮಲಾಪುರವನ್ನೇ ನೋಡಿರಿ. ಅಲ್ಲಿಯ ಕೆಂಪು ಬಾಳೆ ಹೆಸರಾದುದು. ವರುಷವಿಡೀ ನೀರು ಬೇಡುವ ಬೆಳೆಯದು. ಇದ್ದ ನೀರನ್ನು ಜನ ಬಾಳೆಯ ಬುಡಕ್ಕೆ ಹರಿಸಿದರು. ಚಕ್ರಕ್ಕೆ ಕೊಡಲು ಉಳಿಯಲಿಲ್ಲ.

ಎರಡನೆಯದು ಮರ. ಚಿಂಚೋಳಿಯ ಗುಡ್ಡಗಳನ್ನು ಬಿಟ್ಟರೆ ನಮ್ಮಲ್ಲಿ ಕಾಡು ಎನ್ನಬಹುದಾದದ್ದು ವಿರಳ. ಇಲ್ಲಿಯ ಮನೆ ಕಲ್ಲಿನದು, ಮಣ್ಣಿನ ಮಾಳಿಗೆಯದು. ನೆಲಕ್ಕೆ ಶಹಾಬಾದಿನ ಹಾಸುಗಲ್ಲು. ಕಂಬ, ತೊಲೆ, ಜಂತಿ, ಬಾಗಿಲುಗಳಿಗಷ್ಟೇ ಕಟ್ಟಿಗೆ ಬೇಕು.

ಮೂರನೆಯದು ಮನುಷ್ಯನ ಕೈ. ನಾನು ಹುಡುಗನಾಗಿದ್ದಾಗ ಕಮಲಾಪುರದಲ್ಲಿ ಮರ ಕೊಯ್ಯುವವರನ್ನು ಕಂಡಿದ್ದೇನೆ. ದಿಮ್ಮಿಯನ್ನು ಓರೆಯಾಗಿ ಎತ್ತಿ ನಿಲ್ಲಿಸಿ, ಬಣ್ಣದಲ್ಲಿ ಅದ್ದಿದ ದಾರದಿಂದ ಗೆರೆ ಹೊಡೆಯುತ್ತಿದ್ದರು. ಒಬ್ಬ ಮೇಲೆ, ಒಬ್ಬ ಕೆಳಗೆ. ಗೆರೆ ತಪ್ಪದಂತೆ ನಡೆಸುವ ಹೊಣೆ ಮೇಲಿನವನದು. ಕೆಳಗಿನವನ ಕಣ್ಣಿಗೂ ಮೂಗಿಗೂ ಕಟ್ಟಿಗೆಯ ಹುಡಿ. ಒಂದು ತೊಲೆ ಸೀಳುವಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು. ಆ ಮನೆಗಳನ್ನು ಕಟ್ಟಿಸಿದವರ ಹೆಸರು ಬಾಗಿಲ ಮೇಲಿದೆ. ಕೊಯ್ದವರ ಹೆಸರು ಎಲ್ಲಿಯೂ ಇಲ್ಲ.

ಯಂತ್ರ ಬಂದರೆ ಇಂಥ ಕೈಗಳ ಗತಿಯೇನು? 1768ರಲ್ಲಿ ಲಂಡನ್ನಿನ ಲೈಮ್‌ಹೌಸಿನಲ್ಲಿ ಗಾಳಿಯಿಂದ ನಡೆಯುವ ಗರಗಸದ ಗಿರಣಿಯನ್ನು ಕೈಗರಗಸದ ಕೆಲಸಗಾರರು ನುಗ್ಗಿ ಹಾಳುಗೆಡವಿದರು. ಆಳು ಸಾಲದ ನಾಡಿನಲ್ಲಿ ವರವಾದ ಯಂತ್ರ, ಆಳು ಹೆಚ್ಚಿದ ನಗರದಲ್ಲಿ ಅನ್ನ ಕಸಿಯುವ ವೈರಿಯಾಗಿ ಕಂಡಿತು. ಕೈಗರಗಸ ಬಹುಕಾಲ ಉಳಿದುದನ್ನು ಜಡತನವೆಂದು ಕರೆಯುವ ಮುನ್ನ ಇದನ್ನು ನೆನೆಯಬೇಕು.

ಕರ್ನಾಟಕದಲ್ಲಿ ನೀರು ಗಿರಣಿಯಾಳಾಗಿ ದುಡಿದ ಉದಾಹರಣೆ ಇಲ್ಲದಿಲ್ಲ. ಗೋಕಾಕದಲ್ಲಿ ಸುಮಾರು 52 ಮೀಟರು ಧುಮುಕುವ ಘಟಪ್ರಭೆಯ ಬಲದಿಂದ 1887ರಲ್ಲಿ ನೂಲಿನ ಗಿರಣಿ ನಡೆಯಿತು. ಅಂಥ ಧುಮುಕು ನಮಗಿರಲಿಲ್ಲ. 1871ರಲ್ಲಿ ಮುಂಬಯಿಯ ರೈಲುದಾರಿ ಕಲಬುರಗಿಯನ್ನು ಹಾಯ್ದು ರಾಯಚೂರು ಮುಟ್ಟಿದಾಗ, ನಮ್ಮೂರಿಗೆ ಯಂತ್ರಯುಗ ಬಂದದ್ದು ನೀರಿನಿಂದಲ್ಲ, ಕಲ್ಲಿದ್ದಲ ಹಬೆಯಿಂದ.

ಇಂದು ಕಲಬುರಗಿಯ ಕಟ್ಟಿಗೆ ಅಡ್ಡೆಗಳಲ್ಲಿ ಗರಗಸ ತಿರುಗುವುದು ವಿದ್ಯುತ್ತಿನಿಂದ. ನಾಡಿನ ವಿದ್ಯುತ್ತಿನಲ್ಲಿ ಶರಾವತಿಯ ಪಾಲೂ ಇದೆ. ನಮ್ಮ ಹೊಳೆಗಳು ಮಾಡಲಾರದ ಕೆಲಸವನ್ನು ಮಲೆನಾಡಿನ ಹೊಳೆ ತಂತಿಯ ಮೂಲಕ ಮಾಡುತ್ತಿದೆ. ಒಂದು ಸೀಮೆಯ ಚರಿತ್ರೆಯನ್ನು ಬರೆಯುವವರು, ಅಲ್ಲಿ ಏನಿರಲಿಲ್ಲ ಎಂಬುದನ್ನು ಎಣಿಸುವ ಮೊದಲು, ಇದ್ದ ನೀರನ್ನೂ ಇದ್ದ ಕೈಗಳನ್ನೂ ಜನ ಹೇಗೆ ಬಾಳಿಗೆ ಒದಗಿಸಿಕೊಂಡರೆಂಬುದನ್ನು ಕೇಳುವುದು ನ್ಯಾಯ.